ದಿನಬಳಕೆಯ ಕಲೆ, ಕ್ಯಾಮೆರಾದ ಕಣ್ಣು

ಕಲೆ ಎಂದೊಡನೆ ನಮ್ಮ ಮನಸ್ಸು ಬೇಲೂರಿಗೋ ಹಳೇಬೀಡಿಗೋ ಸೋಮನಾಥಪುರಕ್ಕೋ ಓಡುತ್ತದೆ. ಇದು ಸಹಜವೇ. ಆದರೆ ಹೊತ್ತಾರೆ ಎದ್ದು ಅಂಗಳ ಸಾರಿಸಿ ಚುಕ್ಕಿಯಿಟ್ಟು ರಂಗೋಲಿ ಬಿಡುವ ಕೈ, ಜಗಲಿಯ ಅಂಚಿಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಎಳೆಯುವ ಕೈ, ಬಾಗಿಲುವಾಡದ ಮೇಲೆ ಗಜಲಕ್ಷ್ಮಿಯನ್ನು ಕಡೆದ ಬಡಗಿಯ ಕೈ, ಸಂಕ್ರಾಂತಿಯ ದಿನ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಕೈ, ಇವೂ ಕಲೆಯ ಕೈಗಳೇ ಅಲ್ಲವೆ? ಕೇಳಿದರೆ ಯಾರೂ ಅಲ್ಲವೆನ್ನರು. ಕೇಳುವ ತನಕ ಯಾರೂ ನೋಡರು. ಹೀಗೇಕೆ? ಇದಕ್ಕೆ ಉತ್ತರವನ್ನು ಛಾಯಾಚಿತ್ರದ ಚರಿತ್ರೆಯಲ್ಲಿ ಹುಡುಕಿದರೆ ಸ್ವಾರಸ್ಯವಾದ ಕೆಲವು ಸಂಗತಿಗಳು ಕಾಣುತ್ತವೆ. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇರುವುದರಿಂದ ಆ ಚರಿತ್ರೆ ನಮ್ಮೆಲ್ಲರಿಗೂ ಸಂಬಂಧಿಸಿದ್ದಾಗಿದೆ.

ಒಂದು ಊರನ್ನು ಎದುರಿಗಿಟ್ಟುಕೊಂಡು ಮಾತನಾಡೋಣ. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟರೆ ಬಂಡೀಪುರದ ಕಾಡಿಗೆ ಮುನ್ನ ಸಿಗುವ ಊರು ಹಂಗಳ. ಸಮುದ್ರಮಟ್ಟದಿಂದ 1454 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ಒಡೆಯುವುದು ಇಲ್ಲಿಯೇ. ಈ ಊರಿನ ಹೆಸರು ಮೈಸೂರಿನ ಇತಿಹಾಸದಲ್ಲಿ ಒಮ್ಮೆ ಎದ್ದು ಕಾಣುತ್ತದೆ. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟವೇರುವುದಕ್ಕೆ ಮೊದಲು ಹಂಗಳದಲ್ಲಿ ಕಾವಲಿನಲ್ಲಿದ್ದರು. ಆ ದಿನಗಳಲ್ಲಿ ಜೊತೆಗಾರನಾಗಿದ್ದ ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷನೇ ಮುಂದೆ ಅವರ ಮಂತ್ರಿಯಾದನು. ಅರಸರು ತಮ್ಮ ತಂದೆಯ ನೆನಪಿಗೆಂದು ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು.

ಇತಿಹಾಸವು ಹಂಗಳವನ್ನು ನೆನೆಯುವುದು ಅರಸುಮಗನ ನೆಪದಿಂದ. ಆತ ಶ್ರೀರಂಗಪಟ್ಟಣಕ್ಕೆ ಹೊರಟುಹೋದೊಡನೆ ಇತಿಹಾಸದ ದೀಪವೂ ಅವನ ಹಿಂದೆಯೇ ಹೊರಟುಹೋಗುತ್ತದೆ. ಆ ಕಾಲದ ಹಂಗಳದ ಹೆಂಗಸರು ಬಾಗಿಲ ಮುಂದೆ ಯಾವ ರಂಗೋಲಿ ಹಾಕುತ್ತಿದ್ದರು, ಗೋಡೆಗೆ ಯಾವ ಬಣ್ಣ ಬಳಿಯುತ್ತಿದ್ದರು, ಕುಂಬಾರನ ಮಡಕೆಯ ಕಂಠದ ಮೇಲೆ ಯಾವ ಗೆರೆ ಇತ್ತು ಎಂಬುದನ್ನು ಯಾರೂ ಬರೆದಿಡಲಿಲ್ಲ.

ಬರೆಯುವವರು ಬಿಟ್ಟದ್ದನ್ನು ಕ್ಯಾಮೆರಾ ಹಿಡಿಯಬಹುದಾಗಿತ್ತು. 1839ರಲ್ಲಿ ಛಾಯಾಚಿತ್ರದ ವಿದ್ಯೆ ಯೂರೋಪಿನಲ್ಲಿ ಪ್ರಕಟವಾಯಿತು. ಹದಿನೈದೇ ವರ್ಷಗಳಲ್ಲಿ ಅದು ಮೈಸೂರು ಸೀಮೆಗೂ ಬಂದಿತು. ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಎಂಬಾತನು 1854ರ ಡಿಸೆಂಬರಿನಲ್ಲಿ ಡಾಕ್ಟರ್ ಆಂಡ್ರೂ ನೀಲ್ ಎಂಬ ವೈದ್ಯನೊಡನೆ ಸಂಚಾರ ಹೊರಟು ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ 68 ಚಿತ್ರಗಳು 1855ರ ಮದರಾಸು ವಸ್ತುಪ್ರದರ್ಶನದಲ್ಲಿ ಮೊದಲ ದರ್ಜೆಯ ಪದಕವನ್ನು ಪಡೆದುವು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು ಲಂಡನ್ನಿನಲ್ಲಿ ದೊಡ್ಡ ಗ್ರಂಥವೊಂದು ಹೊರಬಂದಿತು. ಪಿಗೌ, ನೀಲ್, ಬಿಗ್ಸ್ ಎಂಬವರ ಚಿತ್ರಗಳಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ವಿವರಣೆ ಬರೆದರು. ನಮ್ಮ ದೇಗುಲಗಳ ಕೀರ್ತಿ ಹೊರದೇಶಗಳಲ್ಲಿ ಹಬ್ಬಲು ಈ ಚಿತ್ರಗಳು ಬಹಳ ಮಟ್ಟಿಗೆ ಕಾರಣವಾದುವು.

ಟ್ರೈಪನ ಕಾಲದ ಚಿತ್ರಗಳನ್ನು ನೋಡಿದವರಿಗೆ ಒಂದು ವಿಚಿತ್ರ ಹೊಳೆಯುತ್ತದೆ. ಕಲ್ಲಿನ ಒಂದೊಂದು ಎಳೆಯೂ ನಿಚ್ಚಳವಾಗಿದೆ. ಮನುಷ್ಯರು ಮಾತ್ರ ಅಪರೂಪ. ಇದಕ್ಕೆ ಕಾರಣ ಸರಳವಾದುದು. ಆಗ ಮೇಣ ಸವರಿದ ಕಾಗದದ ಮೇಲೆ ಚಿತ್ರ ಮೂಡಬೇಕಾದರೆ ಕ್ಯಾಮೆರಾದ ಬಾಯಿಯನ್ನು ಬಹಳ ಹೊತ್ತು ತೆರೆದಿಡಬೇಕಾಗಿತ್ತು. ಅಷ್ಟು ಹೊತ್ತು ಕದಲದೆ ನಿಂತದ್ದು ಚಿತ್ರವಾಯಿತು. ಅತ್ತಿತ್ತ ನಡೆದಾಡಿದ್ದು ಮಂಜಾಗಿ ಕರಗಿಹೋಯಿತು. ನೀರು ತರುವ ಹೆಂಗಸು, ಹೊಲಕ್ಕೆ ಹೋಗುವ ಎತ್ತು, ಅಂಗಳದಲ್ಲಿ ಆಡುವ ಮಗು, ಇವು ಆ ಯಂತ್ರದ ಕಣ್ಣಿಗೆ ಇಲ್ಲವೇ ಇಲ್ಲ. ಸಾಮಗ್ರಿಯ ಬೆಲೆಯೂ ದುಬಾರಿ, ಶ್ರಮವೂ ದೊಡ್ಡದು. ಇಷ್ಟು ಕಷ್ಟಪಟ್ಟು ತೆಗೆಯುವ ಒಂದು ಚಿತ್ರವನ್ನು ಹಟ್ಟಿಯ ಗೋಡೆಗೆ ಯಾರು ವ್ಯಯಮಾಡುತ್ತಾರೆ? ಹೀಗೆ ಯಂತ್ರದ ಮಿತಿಯೇ ಬರಬರುತ್ತ ನಮ್ಮ ಅಭಿರುಚಿಯ ಮಿತಿಯಾಯಿತು. ಚಿತ್ರಕ್ಕೆ ತಕ್ಕದ್ದು ಯಾವುದು, ಅಲ್ಲದ್ದು ಯಾವುದು ಎಂಬ ಗೆರೆ ಆಗಲೇ ಬಿದ್ದುಹೋಯಿತು.

ಶಾಸನಗಳ ವಿಷಯದಲ್ಲಿಯೂ ಇಂಥದೇ ಒಂದು ಗೆರೆ ಬಿತ್ತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ನಾಲ್ಕನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಸೇರಿರುವುದು ಅದರಲ್ಲಿಯೇ. ಊರೂರು ಅಲೆದು, ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅಂಟಿಸಿ ಬ್ರಷ್ಷಿನಿಂದ ಬಡಿದು ಮಸಿಯೊತ್ತಿ ಪಡಿಯಚ್ಚು ತೆಗೆದವರ ಋಣವನ್ನು ನಾವು ತೀರಿಸಲಾರೆವು. ಆದರೆ ಅವರು ಹುಡುಕಿದ್ದು ಅಕ್ಷರವನ್ನು. ಅಕ್ಷರವಿಲ್ಲದ ವೀರಗಲ್ಲು ಅವರ ಲೆಕ್ಕಕ್ಕೆ ಬರುವಂತಿರಲಿಲ್ಲ.

ವೀರಗಲ್ಲನ್ನು ನೀವು ನೋಡಿಯೇ ಇರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಮಡಿದ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ದೇವಸನ್ನಿಧಿಯಲ್ಲಿ ಕುಳಿತ ಅದೇ ವೀರ. ತುರು ಕಾಯಲು ಹೋಗಿ ಸತ್ತವನಿಗೆ, ಊರಿಗಾಗಿ ಮಡಿದವನಿಗೆ, ಹುಲಿಯೊಡನೆ ಸೆಣಸಿ ಪ್ರಾಣಬಿಟ್ಟವನಿಗೆ ನಮ್ಮ ನಾಡಿನ ಜನ ಇಂಥ ಕಲ್ಲುಗಳನ್ನು ನಿಲ್ಲಿಸಿದರು. ಅವನ್ನು ಕಡೆದವರು ಬಹುಮಟ್ಟಿಗೆ ಹೆಸರಿಲ್ಲದ ಕಲ್ಲುಕುಟಿಗರು. ಗೆರೆ ಒರಟು, ಕಥೆ ಸ್ಪಷ್ಟ. ಅರಮನೆಯ ಹಂಗಿಲ್ಲದ ಊರಕಲೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಂದು ಇವುಗಳಲ್ಲಿ ಕೆಲವಕ್ಕೆ ಎಣ್ಣೆ ಅರಿಸಿನದ ಪೂಜೆ ನಡೆಯುತ್ತದೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಕೆಲವು ಚರಂಡಿಯ ಮೇಲಿನ ಹಾಸುಗಲ್ಲಾಗಿವೆ.

ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಮೆರಾ ಹಗುರವಾಯಿತು, ಸುರುಳಿ ಫಿಲ್ಮು ಬಂದಿತು. ಪಟ್ಟಣದ ಸ್ಟುಡಿಯೋಗಳಲ್ಲಿ ಬಣ್ಣದ ಪರದೆಯ ಮುಂದೆ ಮದುಮಕ್ಕಳು ನಿಂತರು. ಆದರೂ ಒಂದು ಸುರುಳಿಯಲ್ಲಿ ಹನ್ನೆರಡೋ ಮೂವತ್ತಾರೋ ಚಿತ್ರಗಳು. ಮದುವೆಗೆ, ನಾಮಕರಣಕ್ಕೆ, ಹೆಚ್ಚೆಂದರೆ ಯಾತ್ರೆಗೆ ಅವು ಮುಗಿದುಹೋಗುತ್ತಿದ್ದುವು.

ಈ ಗೆರೆಯನ್ನು ದಾಟಿದವರೂ ಇದ್ದರು. ಪ್ಯಾರಿಸ್ ನಗರದಲ್ಲಿ ಯೂಜೀನ್ ಅಟ್ಜೆ ಎಂಬ ಬಡ ಛಾಯಾಗ್ರಾಹಕನು 1927ರಲ್ಲಿ ಸಾಯುವವರೆಗೂ ಹಳೆಯ ಬಾಗಿಲು, ಅಂಗಡಿಯ ಮುಂಭಾಗ, ಮೆಟ್ಟಿಲಿನ ಕಟಕಟೆ, ಬೀದಿ ವ್ಯಾಪಾರಿ ಇಂಥವನ್ನೇ ಸಾವಿರಾರು ಚಿತ್ರಗಳಲ್ಲಿ ಹಿಡಿದನು. ನಮ್ಮವರೇ ಆದ ಟಿ. ಎಸ್. ಸತ್ಯನ್ ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದವರು. ಪತ್ರಿಕೆಗಳಿಗಾಗಿ ದೇಶವೆಲ್ಲ ಸುತ್ತಿದರೂ ಅವರ ಕಣ್ಣು ನೆಟ್ಟದ್ದು ಸಾಮಾನ್ಯ ಜನರ ಸಾಮಾನ್ಯ ದಿನದ ಮೇಲೆ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಅವರ ಆತ್ಮಕಥನದ ಹೆಸರು ‘ಕಾಲಕ್ಕೆ ಕನ್ನಡಿ’. ನಿತ್ಯದ ಬದುಕು ಚಿತ್ರಕ್ಕೆ ತಕ್ಕದ್ದೆಂಬುದನ್ನು ಕನ್ನಡ ನಾಡಿಗೆ ಕೆಲಸದಿಂದಲೇ ತೋರಿಸಿಕೊಟ್ಟವರಲ್ಲಿ ಅವರು ಮುಖ್ಯರು. ಸತ್ಯನ್ 2009ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಕ್ಯಾಮೆರಾ ಇನ್ನೊಂದು ವೇಷ ತೊಟ್ಟಾಗಿತ್ತು.

ಕ್ಯಾಮೆರಾ ಕೂಡಿದ ಮೊಬೈಲು 2000ದ ಸುಮಾರಿಗೆ ಜಪಾನಿನ ಪೇಟೆಯಲ್ಲಿ ಕಾಣಿಸಿಕೊಂಡಿತು. 2007ರ ಈಚೆಗೆ ಸ್ಮಾರ್ಟ್‌ಫೋನು ಹಬ್ಬಿತು. 2016ರಿಂದ ನಮ್ಮ ದೇಶದಲ್ಲಿ ಡೇಟಾ ಅಗ್ಗವಾದ ಮೇಲೆ ಹಳ್ಳಿಗಳಲ್ಲಿಯೂ ಅದು ಸಾಮಾನ್ಯವಾಯಿತು. ಟ್ರೈಪನನ್ನು ಕಟ್ಟಿಹಾಕಿದ್ದ ಮೂರು ತೊಡಕುಗಳೂ ಈಗ ಬಿಚ್ಚಿಕೊಂಡಿವೆ. ಓಡುವ ಕರುವನ್ನೂ ಈ ಯಂತ್ರ ಹಿಡಿಯುತ್ತದೆ, ಹೊರುವ ಭಾರವಿಲ್ಲ, ಇನ್ನೊಂದು ಚಿತ್ರ ತೆಗೆದರೆ ಇನ್ನೊಂದು ಕಾಸು ಖರ್ಚಿಲ್ಲ. ಇನ್ನಾದರೂ ದಿನಬಳಕೆಯ ಕಲೆಗೆ ಕಾಲ ಬಂದಿತೆಂದು ನಾವು ಹಿಗ್ಗಬೇಕು.

ಆದದ್ದೇನೆಂಬುದನ್ನು ಗುಂಡ್ಲುಪೇಟೆಯ ಹಾದಿಯಲ್ಲಿಯೇ ನೋಡಬಹುದು. ಮುಂಗಾರು ಹಿಡಿದ ಮೇಲೆ ಈ ಸೀಮೆಯ ಹೊಲಗಳಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳುತ್ತವೆ. ಕೇರಳದಿಂದಲೂ ಬೆಂಗಳೂರು ಮೈಸೂರುಗಳಿಂದಲೂ ಬರುವವರು ರಸ್ತೆಯ ಪಕ್ಕ ಕಾರು ನಿಲ್ಲಿಸಿ, ಹೂವಿನ ನಡುವೆ ನಿಂತು, ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು ಹೋಗುತ್ತಾರೆ. ಬೆಳೆ ತುಳಿತಕ್ಕೆ ಸಿಕ್ಕುವುದನ್ನು ಕಂಡ ಕೆಲವು ರೈತರು ಹೊಲದೊಳಗೆ ಕಾಲಿಡುವವರಿಂದ ಒಂದಿಷ್ಟು ಹಣ ಪಡೆಯತೊಡಗಿದ್ದಾರೆ, ಅದು ನ್ಯಾಯವೇ. ಹೂವಿನ ಹೊಲ ಸುಂದರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಲಕ್ಷ ಕ್ಯಾಮೆರಾಗಳು ಬಂದರೂ ನೋಟ ಮಾತ್ರ ಒಂದೇ ಆಗಿ ಉಳಿದದ್ದು ವಿಷಾದದ ಸಂಗತಿ. ಅದೇ ಹೊಲದ ಅಂಚಿನಲ್ಲಿ ಆನೆ ಹಂದಿಗಳನ್ನು ಕಾಯಲು ಕಟ್ಟಿದ ಅಟ್ಟಣೆಯಿರಬಹುದು. ಅದರ ಕಟ್ಟಿನ ಜಾಣ್ಮೆಯನ್ನು ಯಾರೂ ನೋಡರು. ಹುಲ್ಲಿನ ಮೆದೆಯ ದುಂಡನೆಯ ಒಪ್ಪ, ನಾಡಹೆಂಚಿನ ಸಾಲು, ಗೋಡೆಯ ದೀಪದ ಗೂಡು, ತರಕಾರಿ ಹೊತ್ತು ಘಾಟಿಯ ಕಡೆಗೆ ಹೊರಟ ಲಾರಿಯ ಬೆನ್ನಿನ ಬಣ್ಣದ ಬರಹ, ಇವೆಲ್ಲ ಕಾರಿನ ಗಾಜಿನಾಚೆ ಹಿಂದೆ ಸರಿಯುತ್ತವೆ. ಯಂತ್ರದ ಮಿತಿ ಹೋಯಿತು. ಆ ಮಿತಿ ಕಲಿಸಿದ ಅಭಿರುಚಿ ಹೋಗಲಿಲ್ಲ.

ಇದು ಬರಿಯ ರುಚಿಯ ಮಾತಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ರಸ್ತೆ ಅಗಲವಾಗುತ್ತಿದೆ, ಹೆಂಚಿನ ಮನೆ ಇಳಿದು ತಾರಸಿ ಏಳುತ್ತಿದೆ, ಬಾಗಿಲುವಾಡಗಳು ಹಳೆಯ ಮರದ ವ್ಯಾಪಾರಿಗೆ ಮಾರಾಟವಾಗುತ್ತಿವೆ, ರಂಗೋಲಿಯ ಜಾಗಕ್ಕೆ ಅಂಟಿಸುವ ಸ್ಟಿಕ್ಕರು ಬಂದಿದೆ. ಇದನ್ನು ತಡೆಯಿರೆಂದು ಹೇಳುವ ಹಕ್ಕು ನಮಗಿಲ್ಲ. ಸೋರುವ ಸೂರಿನ ಕೆಳಗೆ ಇರಬೇಕಾದವರು ನಾವಲ್ಲವಲ್ಲ. ಹೋಗುವುದಕ್ಕೆ ಮೊದಲು ಒಂದು ಗುರುತು ಉಳಿಯಲಿ ಎಂದು ಕೇಳಬಹುದು, ಅಷ್ಟೆ.

ಗುರುತು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿಟ್ಟಯ್ಯನೆಂಬ ವೀರನ ಕಲ್ಲು ಸಿಕ್ಕಿತು, ಕ್ರಿ.ಶ. 750ರ ಸುಮಾರಿನದು. ಆಸಕ್ತರು ಕೂಡಲೆ ಗಮನಿಸಿದ್ದರಿಂದ ಅದು ಉಳಿಯಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸ ಕೈಗೊಂಡಿತು. ಅಂಥ ಯಂತ್ರ ಎಲ್ಲರ ಬಳಿ ಇರಬೇಕಾಗಿಲ್ಲ. ನಿಮ್ಮ ಫೋನಿನಿಂದಲೇ ಎಷ್ಟೋ ಆಗುತ್ತದೆ. ನಡುಹಗಲಿನ ನೆತ್ತಿಬಿಸಿಲಿನಲ್ಲಿ ಸವೆದ ಕಲ್ಲು ಬರಿಯ ಕಲ್ಲಾಗಿಯೇ ಕಾಣುತ್ತದೆ. ಎಳೆಬಿಸಿಲಿನಲ್ಲೋ ಸಂಜೆಬಿಸಿಲಿನಲ್ಲೋ ಬೆಳಕು ಪಕ್ಕದಿಂದ ಬಿದ್ದಾಗ ತಗ್ಗುಗಳಲ್ಲಿ ನೆರಳು ನಿಂತು, ವೀರನ ಬಿಲ್ಲೂ ಮಸುಕಾದ ಅಕ್ಷರವೂ ಮೇಲೇಳುತ್ತವೆ. ಕತ್ತಲಾದ ಮೇಲಾದರೆ ಇನ್ನೊಬ್ಬರ ಫೋನಿನ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿಸಿ ನೋಡಿ. ಕಲ್ಲಿನ ಮೇಲೆ ಸುಣ್ಣವನ್ನಾಗಲಿ ಸೀಮೆಸುಣ್ಣವನ್ನಾಗಲಿ ತೀಡಬೇಡಿ. ಅಳತೆ ತಿಳಿಯಲು ಪಕ್ಕದಲ್ಲೊಂದು ಕೋಲನ್ನಿಡಿ. ಒಂದು ಚಿತ್ರ ಹತ್ತಿರದಿಂದ, ಒಂದು ಚಿತ್ರ ಸುತ್ತಲ ಜಾಗ ಕಾಣುವಂತೆ ತೆಗೆಯಿರಿ.

ಎಲ್ಲಕ್ಕಿಂತ ಮುಖ್ಯವಾದುದು ಹೆಸರು. ಅಟ್ಜೆ ತನ್ನ ಚಿತ್ರಗಳಿಗೆ ಸ್ಥಳದ ಹೆಸರು ಬರೆದಿಡುತ್ತಿದ್ದನು. ಆದ್ದರಿಂದಲೇ ಅವು ಪ್ಯಾರಿಸ್ಸಿನ ಚರಿತ್ರೆಯಾದುವು. ಊರಿಲ್ಲದ, ದಿನವಿಲ್ಲದ ಚಿತ್ರ, ಮೇಲಿನ ಸಾಲುಗಳು ಒಡೆದುಹೋದ ಶಾಸನದಂತೆ. ರಂಗೋಲಿಯ ಚಿತ್ರ ತೆಗೆಯುವ ಮೊದಲು ಬಾಗಿಲಲ್ಲಿ ನಿಂತವರನ್ನು ಕೇಳಿ, ಬೇಡವೆಂದರೆ ಬಿಟ್ಟುಬಿಡಿ. ಒಪ್ಪಿದರೆ, “ಅವ್ವಾ, ಈ ರಂಗೋಲಿಗೆ ಏನಂತ ಹೆಸರು? ಎಷ್ಟು ಚುಕ್ಕಿ? ಯಾರು ಕಲಿಸಿದ್ದು?” ಎಂದು ಕೇಳಿ ಬರೆದುಕೊಳ್ಳಿ. ಸಂಜೆಯೊಳಗೆ ತುಳಿದು ಅಳಿಸಿಹೋಗುವುದೇ ರಂಗೋಲಿಯ ಧರ್ಮ. ಅದಕ್ಕೆ ಮರುಗಬೇಕಾಗಿಲ್ಲ, ನಾಳೆ ಇನ್ನೊಂದು ಬರುತ್ತದೆ. ಉಳಿಯಬೇಕಾದದ್ದು ಆ ಚುಕ್ಕಿಗಳ ಲೆಕ್ಕ ಮತ್ತು ಅದನ್ನು ಬಲ್ಲ ಕೈಯ ನೆನಪು. ಅದು ತಾಯಿಯಿಂದ ಮಗಳಿಗೆ ದಾಟದೆ ನಿಂತರೆ ಯಾವ ಪುರಾತತ್ವ ಇಲಾಖೆಯೂ ಅಗೆದು ತರಲಾರದು.

ಮುಂದಿನ ಸಲ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಾಗ ಹೂವಿನ ಹೊಲದ ಚಿತ್ರವನ್ನು ಅಗತ್ಯವಾಗಿ ತೆಗೆದುಕೊಳ್ಳಿ. ಅದರ ಜೊತೆಗೆ, ಹಂಗಳದಲ್ಲಾಗಲಿ ನಿಮ್ಮ ಸ್ವಂತ ಊರಿನಲ್ಲಾಗಲಿ, ಒಂದು ಜಗಲಿ, ಒಂದು ಬಾಗಿಲುವಾಡ, ಬೇಲಿಯ ಮರೆಯಲ್ಲಿ ಒರಗಿದ ಒಂದು ಕಲ್ಲು, ಇವುಗಳ ಮುಂದೆ ಐದು ನಿಮಿಷ ನಿಂತು, ಊರಿನ ಹೆಸರನ್ನೂ ದಿನವನ್ನೂ ಬರೆದು, ಮನೆಯವರಿಗೊಂದು ಪ್ರತಿ ಕಳುಹಿಸಿ, ಊರಿನ ಶಾಲೆಯ ಮೇಷ್ಟರಿಗೂ ಒಂದನ್ನು ಕೊಡಿ.