ಹಾಲೇರಿ ಅರಮನೆಯ ಮೂವರು ಹೆಣ್ಣುಮಕ್ಕಳು

ಮಡಿಕೇರಿಗೆ ಹೋದ ಭಕ್ತರು ಓಂಕಾರೇಶ್ವರನ ದರ್ಶನವನ್ನು ಮುಗಿಸಿಕೊಂಡು, ರಾಜಾಸೀಟಿನಲ್ಲಿ ಸೂರ್ಯಾಸ್ತವನ್ನು ನೋಡಿ ಹಿಂದಿರುಗುವುದು ವಾಡಿಕೆ. ಮುಂದಿನ ಸಲ ಹೋದಾಗ ದಯವಿಟ್ಟು ಅರಸರ ಗದ್ದುಗೆಗಳಿರುವ ದಿಬ್ಬವನ್ನೂ ಹತ್ತಿ ಬನ್ನಿ. ಗುಮ್ಮಟ ಮಿನಾರುಗಳನ್ನು ಕಂಡು ಇದಾವುದೋ ದರ್ಗಾ ಎಂದು ಭಾವಿಸಿ ಹೊರಗಿನಿಂದಲೇ ಹಿಂದಿರುಗಿದವರುಂಟು. ಸಮೀಪಕ್ಕೆ ಹೋದರೆ ನಂದಿಯ ವಿಗ್ರಹಗಳು ಕಾಣುತ್ತವೆ. ಒಳಗೆ ಲಿಂಗಾಯತ ಪದ್ಧತಿಯಂತೆ ಸಮಾಧಿಸ್ಥರಾದ ಹಾಲೇರಿ ಅರಸರಿದ್ದಾರೆ. ಮಧ್ಯದ ಗದ್ದುಗೆ ದೊಡ್ಡವೀರರಾಜೇಂದ್ರ ಹಾಗೂ ಅವನ ರಾಣಿ ಮಹದೇವಮ್ಮಾಜಿಯವರದು. ಒಂದು ಪಕ್ಕದಲ್ಲಿ ಲಿಂಗರಾಜೇಂದ್ರ, ಇನ್ನೊಂದು ಪಕ್ಕದಲ್ಲಿ ರಾಜಗುರು. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇದೇ ವಂಶದ ಹೆಣ್ಣುಮಕ್ಕಳಾಗಿದ್ದೂ ಅಲ್ಲಿ ಸ್ಥಳ ದೊರೆಯದ ಮೂವರ ವಿಷಯವನ್ನು.

ಇದನ್ನು ಬರೆಯಲು ಕಾರಣವಿದೆ. ನಮ್ಮ ನಾಡಿನ ವಿಚಾರವಾದಿಗಳು ಧರ್ಮದ ಮೇಲೆ ಒಂದು ಆಪಾದನೆಯನ್ನು ಬಹುಕಾಲದಿಂದ ಹೊರಿಸುತ್ತ ಬಂದಿದ್ದಾರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದಾಗ ಎದ್ದ ಕೋಲಾಹಲವು ಹಿರಿಯ ವಾಚಕರ ನೆನಪಿನಲ್ಲಿರಬಹುದು. ಪವಾಡದ ಪ್ರಶ್ನೆ ಹಾಗಿರಲಿ. ಅದಕ್ಕಿಂತಲೂ ಗಂಭೀರವಾದ ಅವರ ಮಾತೆಂದರೆ, ಯಾವ ಮತವೇ ಆಗಲಿ ಮನುಷ್ಯನ ಹಕ್ಕನ್ನು, ಅದರಲ್ಲೂ ಹೆಣ್ಣಿನ ಸ್ವಾತಂತ್ರ್ಯವನ್ನು ಎಂದೂ ಪೂರ್ಣವಾಗಿ ಒಪ್ಪಿಲ್ಲವೆಂಬುದು. ಈ ಮಾತಿಗೆ ನಮ್ಮ ವೇದಿಕೆಗಳಿಂದ ಕೂಡಲೇ ಬರುವ ಉತ್ತರ ತಮಗೆ ಗೊತ್ತು: ಹನ್ನೆರಡನೆಯ ಶತಮಾನ, ಅನುಭವ ಮಂಟಪ, ಅಕ್ಕಮಹಾದೇವಿ. ಉತ್ತರವು ಸುಳ್ಳಲ್ಲ. ಹೆಣ್ಣಿಗೂ ಗಂಡಿಗೂ ಒಂದೇ ದೀಕ್ಷೆ, ಒಂದೇ ಇಷ್ಟಲಿಂಗವೆಂದು ಸಾರಿದ ಧರ್ಮ ನಮ್ಮದು. ಆದರೆ ಹನ್ನೆರಡನೆಯ ಶತಮಾನದ ನಂತರವೂ ಶತಮಾನಗಳು ಉರುಳಿವೆಯಲ್ಲ! ಆ ಅವಧಿಯಲ್ಲಿ ನಮ್ಮವರೇ ಸಿಂಹಾಸನದಲ್ಲಿ ಕುಳಿತಿದ್ದ ನಾಡೊಂದರಲ್ಲಿ ಹೆಣ್ಣಿನ ಗತಿ ಏನಾಗಿತ್ತೆಂದು ನೋಡುವ ಎದೆಗಾರಿಕೆ ನಮಗಿರಬೇಕು.

ಹಾಲೇರಿಯ ಮೂಲಪುರುಷನು ಇಕ್ಕೇರಿಯ ರಾಜವಂಶಕ್ಕೆ ಸಂಬಂಧಪಟ್ಟವನು. ಜಂಗಮವೇಷದಲ್ಲಿ ಕೊಡಗಿಗೆ ಬಂದು ಜನರ ವಿಶ್ವಾಸವನ್ನು ಗಳಿಸಿ ಅರಸನಾದನೆಂಬುದು ಪ್ರಸಿದ್ಧವಾದ ಸಂಗತಿ. ಪ್ರಜೆಗಳಲ್ಲಿ ಬಹುಸಂಖ್ಯಾತರು ಅನ್ಯ ಆಚಾರದವರಾಗಿದ್ದರೂ ಸುಮಾರು ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಈ ವಂಶವು ಆಳಿತು. ವಂಶದ ಚರಿತ್ರೆಯನ್ನು ದೊಡ್ಡವೀರರಾಜೇಂದ್ರನೇ ಕನ್ನಡದಲ್ಲಿ ಬರೆಯಿಸಿದನು, ಅದೇ ‘ರಾಜೇಂದ್ರನಾಮೆ’. ಯುದ್ಧಗಳು, ಕೋಟೆಗಳು, ಟಿಪ್ಪುಸುಲ್ತಾನನ ಸೆರೆಯಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಪಡೆದ ಸಾಹಸ, ಇವು ಪ್ರಸಿದ್ಧವಾಗಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಈ ದೊಡ್ಡವೀರರಾಜನಿಗೆ ಮಹದೇವಮ್ಮಾಜಿಯಲ್ಲಿ ಹೆಣ್ಣುಮಕ್ಕಳಾದರೇ ಹೊರತು ಗಂಡು ಸಂತಾನವಾಗಲಿಲ್ಲ. 1807ರಲ್ಲಿ ರಾಣಿ ತೀರಿಕೊಂಡಳು. ಅರಸನು ದುಃಖದಿಂದ ಚೇತರಿಸಿಕೊಳ್ಳಲಿಲ್ಲ. ಆದರೂ ಆ ಕಾಲದ ಅರಸರಲ್ಲಿ ವಿರಳವಾದ ಒಂದು ನಿರ್ಧಾರವನ್ನು ಆತ ಕೈಗೊಂಡನು. ತನ್ನ ನಂತರ ಮಗಳು ದೇವಮ್ಮಾಜಿಯೇ ಪಟ್ಟಕ್ಕೆ ಬರಬೇಕೆಂದು ನಿಶ್ಚಯಿಸಿ, ಕಂಪನಿ ಸರ್ಕಾರಕ್ಕೂ ತಿಳಿಸಿದನು. 1809ರಲ್ಲಿ ಅವನು ಕಾಲವಾದಾಗ ಸುಮಾರು ಹತ್ತು ವರ್ಷದ ಬಾಲಿಕೆ ಕೊಡಗಿನ ರಾಣಿಯಾದಳು. ಚಿಕ್ಕಪ್ಪ ಲಿಂಗರಾಜನು ಮೊದಲು ಅವಳ ಪರವಾಗಿ ಆಡಳಿತವನ್ನು ವಹಿಸಿಕೊಂಡನು. 1811ರ ವೇಳೆಗೆ ತಾನೇ ಅರಸನಾದನು. ಬಾಲೆ ತಾನಾಗಿ ಅಧಿಕಾರವನ್ನು ಬಿಟ್ಟುಕೊಟ್ಟಳೆಂದು ಕಾಗದಪತ್ರಗಳು ಹುಟ್ಟಿಕೊಂಡವು. ಹನ್ನೆರಡು ವರ್ಷದ ಹುಡುಗಿ ತಾನಾಗಿ ರಾಜ್ಯವನ್ನು ತ್ಯಜಿಸಿದಳೆಂಬುದನ್ನು ನಂಬುವವರು ನಂಬಲಿ. ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನ ಕಾಲದಲ್ಲಿ ಅವಳ ಜೀವವೂ ಉಳಿಯಲಿಲ್ಲ.

ಎರಡನೆಯವಳ ಹೆಸರೂ ದೇವಮ್ಮಾಜಿಯೇ. ಈಕೆ ಚಿಕ್ಕವೀರರಾಜನ ಸ್ವಂತ ತಂಗಿ. ಅಣ್ಣನ ಭಯದಿಂದ 1832ರಲ್ಲಿ ಪತಿ ಚನ್ನಬಸಪ್ಪನೊಡನೆ ಗಡಿಯನ್ನು ದಾಟಿ ಮೈಸೂರು ಸೀಮೆಯಲ್ಲಿ ಇಂಗ್ಲಿಷರ ಆಶ್ರಯವನ್ನು ಬೇಡಿದಳು. ಅವರನ್ನು ಹಿಂದಕ್ಕೆ ಕಳುಹಿಸಬೇಕೆಂದು ಅರಸನು ಹಠ ಹಿಡಿದನು, ಕಂಪನಿ ಒಪ್ಪಲಿಲ್ಲ. 1834ರ ಯುದ್ಧಕ್ಕೆ ಕಂಪನಿ ಹೇಳಿದ ಕಾರಣಗಳಲ್ಲಿ ಇದೂ ಒಂದು. ಆ ವರ್ಷದ ಏಪ್ರಿಲಿನಲ್ಲಿ ಅರಸನು ಶರಣಾಗತನಾದನು, ಕೊಡಗು ಕಂಪನಿಯ ಕೈಸೇರಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಚಿಕ್ಕವೀರರಾಜನ ಕ್ರೌರ್ಯದ ಕಥೆಗಳನ್ನು ನಾವು ಓದುವುದು ಬಹುಮಟ್ಟಿಗೆ ವಿಜೇತರ ಕಡೆಯ ಬರಹಗಳಲ್ಲಿ. 1855ರ ಮೊಗ್ಲಿಂಗನ ಗ್ರಂಥ, 1870ರ ರಿಕ್ಟರನ ಗ್ರಂಥ, ಇವೆರಡೂ ಪಾದ್ರಿಗಳ ಕೃತಿಗಳು; ರಾಜ್ಯವನ್ನು ಕಿತ್ತುಕೊಂಡವರಿಗೆ ಅರಸನು ದುಷ್ಟನಾಗಿಯೇ ಕಾಣಬೇಕಾಗಿತ್ತು. ಮೊಗ್ಲಿಂಗನು ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನು ಕೊಟ್ಟ ಮಹನೀಯನೆಂಬ ಗೌರವ ಬೇರೆ, ಅವನ ಸಾಕ್ಷ್ಯವನ್ನು ತೂಗಿ ನೋಡುವುದು ಬೇರೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವು 1956ರ ಕಾದಂಬರಿ, ಚರಿತ್ರೆಯಲ್ಲ, ಇದನ್ನು ಮರೆತು ವಾದಿಸುವವರು ನಮ್ಮಲ್ಲಿ ಬಹಳ. ಇಷ್ಟೆಲ್ಲ ರಿಯಾಯಿತಿ ಕೊಟ್ಟ ಮೇಲೂ ಒಂದು ಸಂಗತಿ ಉಳಿಯುತ್ತದೆ. ಪಟ್ಟವೇರಿದ್ದ ಹುಡುಗಿಯಿಂದ ಪಟ್ಟವನ್ನು ಕಸಿಯಲಾಯಿತು. ಅರಸನ ತಂಗಿ ರಕ್ಷಣೆಗಾಗಿ ಪರರಾಜ್ಯಕ್ಕೆ ಓಡಬೇಕಾಯಿತು. ಇಬ್ಬರೂ ಇಷ್ಟಲಿಂಗಧಾರಿಗಳ ಮನೆಯಲ್ಲಿ ಹುಟ್ಟಿದವರು, ಅವರನ್ನು ಪೀಡಿಸಿದವರೂ ಅದೇ ಮನೆಯವರು.

ಮೂರನೆಯವಳು ಗೌರಮ್ಮ. ಪದಚ್ಯುತನಾದ ಚಿಕ್ಕವೀರರಾಜನನ್ನು ವೆಲ್ಲೂರಿನ ಮಾರ್ಗವಾಗಿ ಕಾಶಿಗೆ ಒಯ್ದು ಇರಿಸಲಾಗಿತ್ತು. ಅಲ್ಲಿ 1841ರಲ್ಲಿ ಹುಟ್ಟಿದ ಈ ಮಗಳ ಮೇಲೆ ತಂದೆಗೆ ವಿಶೇಷ ವಾತ್ಸಲ್ಯ. ದೊಡ್ಡವೀರರಾಜನ ಕಾಲದಲ್ಲಿ ಕಂಪನಿಯಲ್ಲಿ ಇಟ್ಟಿದ್ದ ಹಣವನ್ನು ಹಿಂದಕ್ಕೆ ಪಡೆಯಬೇಕೆಂಬ ಉದ್ದೇಶದಿಂದ 1852ರಲ್ಲಿ ಆತನು ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಪ್ರಯಾಣ ಮಾಡಿದನು. ಅದೇ ವರ್ಷ ಗೌರಮ್ಮನಿಗೆ ಕ್ರೈಸ್ತದೀಕ್ಷೆಯಾಯಿತು. ದೀಕ್ಷೆ ಕೊಟ್ಟವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟವಳು ವಿಕ್ಟೋರಿಯಾ ರಾಣಿ. ಹುಡುಗಿಗೆ ಆಗ ಹನ್ನೊಂದರ ಆಸುಪಾಸು. ತಂದೆ ಮಾತ್ರ ಮತಾಂತರಗೊಳ್ಳಲಿಲ್ಲ.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಅರಸನಿಗೆ ಮಗಳ ಮತಾಂತರವು ರಾಣಿಯ ಕೃಪೆಯನ್ನು ಪಡೆಯುವ ದಾರಿಯಾಗಿತ್ತು. ಇಂಗ್ಲಿಷರಿಗೆ ಅದು ಭಾರತದ ರಾಜಕುಟುಂಬಗಳೆಲ್ಲ ಮುಂದೆ ಕ್ರೈಸ್ತವಾಗಲಿವೆ ಎಂಬ ಆಸೆಯ ಕುರುಹು. ನಮ್ಮವರ ಕಣ್ಣಿಗೆ ಅದು ಜಾತಿಭ್ರಷ್ಟತೆ. ಮೂರು ಕಡೆಯವರೂ ಅವಳ ಆತ್ಮದ ಮೇಲೆ ಹಕ್ಕು ಸ್ಥಾಪಿಸಿದರು. ನಿನಗೇನು ಬೇಕಮ್ಮ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

ದೀಕ್ಷೆಯಾದೊಡನೆ ಅವಳನ್ನು ತಂದೆಯ ಸಂಪರ್ಕದಿಂದ ದೂರವಿರಿಸಿ ಇಂಗ್ಲಿಷ್ ಕುಟುಂಬಗಳ ಪೋಷಣೆಯಲ್ಲಿ ಬೆಳೆಸಿದರು. 1854ರಲ್ಲಿ ವಿಂಟರ್‌ಹಾಲ್ಟರ್ ಎಂಬ ಹೆಸರಾಂತ ಚಿತ್ರಕಾರನು ಬರೆದ ಅವಳ ವರ್ಣಚಿತ್ರವು ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಪಂಜಾಬಿನಿಂದ ಪದಚ್ಯುತನಾಗಿ, ಹಾಗೆಯೇ ಕ್ರೈಸ್ತನಾಗಿದ್ದ ದುಲೀಪಸಿಂಗನಿಗೆ ಅವಳನ್ನು ಕೊಟ್ಟು ವಿವಾಹ ಮಾಡಬೇಕೆಂಬುದು ರಾಣಿಯ ಯೋಜನೆ, ಅವನು ಒಪ್ಪಲಿಲ್ಲ. ತಂದೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಕೆನ್ಸಲ್ ಗ್ರೀನಿನ ಶ್ಮಶಾನದಲ್ಲಿ ಅವನ ಸಮಾಧಿಯಾಯಿತು. ಮಡಿಕೇರಿಯ ಗದ್ದುಗೆಯ ಸಾಲಿನಲ್ಲಿ ಅವನಿಲ್ಲದಿರುವುದಕ್ಕೆ ಕಾರಣ ಇದು. ಹಣವೂ ಕೈಗೆ ಬರಲಿಲ್ಲ. 1860ರಲ್ಲಿ ಗೌರಮ್ಮನು ತನಗಿಂತ ವಯಸ್ಸಿನಲ್ಲಿ ಬಹಳ ಹಿರಿಯನಾದ ಜಾನ್ ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ವಿವಾಹವಾದಳು, ಮರುವರ್ಷ ಹೆಣ್ಣುಮಗುವಾಯಿತು. 1864ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವುದರೊಳಗೆ, ಅವಳು ಕಣ್ಮುಚ್ಚಿದಳು. ಬ್ರಾಂಪ್ಟನ್ ಶ್ಮಶಾನದಲ್ಲಿ ಅವಳ ಸಮಾಧಿಯಿದೆ. ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪನವರು ಅವಳ ಜೀವನವನ್ನು ಶೋಧಿಸಿ ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದಿದ್ದಾರೆ.

ಹಾಗಾದರೆ ವಿಚಾರವಾದಿಗಳ ಆಪಾದನೆ ಸತ್ಯವೇ? ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಇಬ್ಬರು ದೇವಮ್ಮಾಜಿಯರನ್ನು ಪೀಡಿಸಿದ್ದು ಧರ್ಮವಲ್ಲ, ಸಿಂಹಾಸನದ ಆಸೆ. ಆದರೆ ಧರ್ಮವು ಅದನ್ನು ತಡೆಯಲೂ ಇಲ್ಲ. ರಾಜಗುರುವಿಗೆ ಅರಸರ ಪಕ್ಕದಲ್ಲಿಯೇ ಗದ್ದುಗೆ ಕಟ್ಟುವಷ್ಟು ಗೌರವವಿದ್ದ ಅರಮನೆ ಅದು. ಈ ಮಾತು ಕೆಲವು ಹಿರಿಯರಿಗೆ ರುಚಿಸಲಾರದು, ಕ್ಷಮಿಸಬೇಕು.

ಗೌರಮ್ಮನ ಪ್ರಶ್ನೆಗಾದರೋ ಲೋಕವು ನಿಧಾನವಾಗಿ ಉತ್ತರವನ್ನು ಕಂಡುಕೊಂಡಿದೆ. ಮತವನ್ನು ಬಿಟ್ಟವರ ಆಸ್ತಿಯ ಹಕ್ಕು ಹೋಗದೆಂದು ಕಂಪನಿ ಸರ್ಕಾರವು 1850ರಲ್ಲಿಯೇ ಕಾಯಿದೆ ಮಾಡಿತ್ತು. ಅದರ ಹಿಂದೆ ಪಾದ್ರಿಗಳ ಒತ್ತಾಯವಿತ್ತೆಂಬುದೂ ನಿಜ. 1948ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯು ಮತವನ್ನು ಬದಲಾಯಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಉಂಟೆಂದು ಸಾರಿತು. ಆ ಘೋಷಣೆಯ ಮೊದಲನೆಯ ವಿಧಿಯಲ್ಲಿ ‘ಪುರುಷರೆಲ್ಲರೂ’ ಎಂದಿದ್ದುದನ್ನು ‘ಮಾನವರೆಲ್ಲರೂ’ ಎಂದು ತಿದ್ದಿಸಿದವರು ನಮ್ಮ ದೇಶದ ಹಂಸಾ ಮೆಹತಾ ಅವರು. ನಮ್ಮ ಸಂವಿಧಾನದ 25ನೆಯ ವಿಧಿ ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿತು. ಕೇರಳದ ಯುವತಿಯೊಬ್ಬಳ ಪ್ರಕರಣದಲ್ಲಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಯಸ್ಕಳಾದ ಹೆಣ್ಣಿನ ಮತ ಮತ್ತು ವಿವಾಹಗಳ ಆಯ್ಕೆ ಅವಳದೇ, ತಂದೆಯದಲ್ಲ ಎಂದು ಸ್ಪಷ್ಟಪಡಿಸಿತು.

ನ್ಯಾಯಾಲಯಕ್ಕಿಂತ ಮುಂಚೆ ಈ ಮಾತನ್ನು ಹೇಳಬೇಕಾಗಿದ್ದವರು ನಾವು. ಪತಿಯಾಗಿ ಬಂದ ಅರಸನನ್ನು ತೊರೆದು, ತನ್ನ ದೈವವನ್ನು ತಾನೇ ಆರಿಸಿಕೊಂಡು ಕಲ್ಯಾಣದ ದಾರಿ ಹಿಡಿದವಳನ್ನು ಅಕ್ಕನೆಂದು ಪೂಜಿಸುವವರು ನಾವಲ್ಲವೇ? ಆದರೆ ನಮ್ಮದೇ ಮನೆಯ ಹುಡುಗಿ ಬೇರೆ ಮತದವನನ್ನು ಮೆಚ್ಚಿದರೆ ಏನಾಗುತ್ತದೆ? ಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರು ಹಾಗೆ ಹೊರಟುಹೋದ ಮಗಳ ಹೆಸರನ್ನು ಹನ್ನೊಂದು ವರ್ಷ ಉಚ್ಚರಿಸಲಿಲ್ಲ. ಅವರ ಲಿಂಗಪೂಜೆ ಒಂದು ದಿನವೂ ತಪ್ಪಿದ್ದಿಲ್ಲ. ಮೊಮ್ಮಗನ ಭಾವಚಿತ್ರವನ್ನು ಅವರ ಮನೆಯವರು ಅಡಿಗೆಮನೆಯ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡಿದ್ದರು. ಹೆಣ್ಣೊಬ್ಬಳು ಜಗದ್ಗುರು ಪೀಠವನ್ನೇರಲು ನಮ್ಮ ಸಮಾಜದಲ್ಲಿ 1970ರವರೆಗೆ, ಮಾತೆ ಮಹಾದೇವಿಯವರವರೆಗೆ, ಕಾಯಬೇಕಾಯಿತೆಂಬುದನ್ನೂ ಇದರೊಡನೆ ಸೇರಿಸಿ ಯೋಚಿಸಿ. ಇದೆಲ್ಲ ಅರಮನೆಯವರ, ಅನುಕೂಲಸ್ಥರ ಕಥೆಯಾಯಿತು. ಕೊಡಗಿನ ತೋಟಗದ್ದೆಗಳಲ್ಲಿ ಜೀತಕ್ಕಿದ್ದ ಎರವರ ಹೆಣ್ಣುಮಕ್ಕಳ ಹೆಸರನ್ನು ಬರೆದಿಟ್ಟ ನಾಮೆ ಯಾವುದೂ ಇಲ್ಲ.

ಕೊಡಗಿಗೆ ಇನ್ನೊಬ್ಬ ಗೌರಮ್ಮ ಇದ್ದಳು. ಅವಳು ಅರಮನೆಯವಳಲ್ಲ. 1912ರಲ್ಲಿ ಮಡಿಕೇರಿಯ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಬಿ. ಟಿ. ಗೋಪಾಲಕೃಷ್ಣ ಎಂಬವರನ್ನು ವಿವಾಹವಾಗಿ, ಹೆಂಗಸರು ಅನುಭವಿಸುತ್ತಿದ್ದ ಅನ್ಯಾಯವನ್ನು ಕಥೆಗಳಲ್ಲಿ ನಿರ್ಭಯವಾಗಿ ಬರೆದ ‘ಕೊಡಗಿನ ಗೌರಮ್ಮ’. ಟೆನ್ನಿಸ್ ಆಡುತ್ತಿದ್ದಳು, ಈಜುತ್ತಿದ್ದಳು. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಕೊಡಗಿಗೆ ಬಂದಾಗ, ತನ್ನ ಮನೆಗೂ ಬರಬೇಕೆಂದು ಉಪವಾಸ ಹಿಡಿದಳು. ಅವರು ಬಂದರು. ತನ್ನ ಆಭರಣಗಳನ್ನು ಹರಿಜನ ನಿಧಿಗೆ ಒಪ್ಪಿಸಿದಳು. ಐದು ವರ್ಷಗಳ ನಂತರ, 1939ರ ಏಪ್ರಿಲಿನಲ್ಲಿ, ಈಜಲೆಂದು ಇಳಿದ ಹೊಳೆಯ ಸುಳಿ ಅವಳನ್ನು ಒಯ್ದಿತು. ಆಗ ಅವಳಿಗೆ ಇಪ್ಪತ್ತೇಳು. ಕಥೆಗಳು ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಲ್ಲಿವೆ, ದೊರೆತಲ್ಲಿ ಓದಿ.