ಗೋವೆಯ ಧರ್ಮವಿಚಾರಣಾ ಪೀಠವೂ ಕನ್ನಡ ಕರಾವಳಿಯೂ

ಶತಮಾನೋತ್ಸವದ ಸಂಚಿಕೆಗಳಲ್ಲಿ ದೇವಾಲಯದ ಗಂಟೆಯ ತೂಕ, ದಾನಿಗಳ ನಾಮಾವಳಿ, ಪೂರ್ವಗುರುಗಳ ಸೇವೆ ಇವುಗಳನ್ನು ಸ್ಮರಿಸುವುದು ವಾಡಿಕೆ. ಆದರೆ ಕನ್ನಡ ಕರಾವಳಿಯ ಕಥೋಲಿಕರಲ್ಲಿ ಅನೇಕರ ಹಿರಿಯರು ಗೋವೆಯನ್ನು ತೊರೆದು ಬಂದುದೇಕೆ ಎಂಬ ಪ್ರಶ್ನೆಯನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಕ್ಷಾಮ, ತೆರಿಗೆ, ಮರಾಠರ ದಂಡಯಾತ್ರೆ, ಇವೆಲ್ಲವೂ ಕಾರಣಗಳೇ ಸರಿ. ಮತ್ತೊಂದು ಕಾರಣವನ್ನು ಹೇಳುವಾಗ ಮಾತ್ರ ನಾಲಿಗೆ ತಡವರಿಸುತ್ತದೆ. ಏಕೆಂದರೆ ಅದು ನಮ್ಮ ಪವಿತ್ರ ಸಭೆಯ ಹೆಸರಿನಲ್ಲಿಯೇ ನಡೆದದ್ದು.

1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ಪೀಠವು ಗೋವೆಯಲ್ಲಿ ಸ್ಥಾಪಿತವಾಯಿತು. ಬಿಜಾಪುರದ ಆದಿಲಶಾಹಿಗಳ ಹಳೆಯ ಅರಮನೆಯೇ ಅದರ ನೆಲೆ. ಇಂತಹ ಪೀಠವೊಂದು ಬೇಕೆಂದು 1546ರಲ್ಲಿಯೇ ಪೋರ್ಚುಗಲ್ಲಿನ ಅರಸನಿಗೆ ಪತ್ರ ಬರೆದವರು ಸಂತ ಫ್ರಾನ್ಸಿಸ್ ಕ್ಸೇವಿಯರ್. 1552ರಲ್ಲಿ ದೈವಾಧೀನರಾದ ಅವರು ಅದರ ಕಾರ್ಯವನ್ನು ಕಾಣಲಿಲ್ಲ. ಹಾಗೆಂದು ಆ ಪತ್ರವೇ ಇಲ್ಲವೆಂಬಂತೆ ನಡೆದುಕೊಂಡರೆ ಸಂತರಿಗೆ ಗೌರವ ಸಲ್ಲಿಸಿದಂತಾಗದು.

ಪೀಠದ ಕೈಗೆ ಸಿಕ್ಕವರಲ್ಲಿ ಬಹುಪಾಲು ಜ್ಞಾನಸ್ನಾನ ಹೊಂದಿದವರೇ ಎಂಬುದನ್ನು ನಮ್ಮವರು ಅಷ್ಟಾಗಿ ಅರಿಯರು. ಮೊದಲು ಯೆಹೂದ್ಯ ಮೂಲದ ಪೋರ್ಚುಗೀಸರು. ಬಳಿಕ ಈ ನೆಲದ ಹೊಸ ಕ್ರೈಸ್ತರು. ವೈದ್ಯ ಗಾರ್ಸಿಯಾ ದ ಓರ್ತಾ ಭಾರತದ ಔಷಧಿಗಳನ್ನು ಕುರಿತು ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಆತ 1568ರಲ್ಲಿ ತೀರಿಕೊಂಡ. ಮರುವರ್ಷ ಆತನ ಸೋದರಿ ಕತರೀನಾಳನ್ನು ಜೀವಂತ ಸುಟ್ಟರು. 1580ರಲ್ಲಿ ಆತನ ಅಸ್ಥಿಗಳನ್ನೂ ಗೋರಿಯಿಂದ ತೆಗೆದು ಸುಟ್ಟರು! ಸತ್ತವನ ಎಲುಬಿನಿಂದ ಶ್ರದ್ಧೆಗೆ ಯಾವ ಅಪಾಯವಿತ್ತೋ ತಿಳಿಯದು.

ಹಿಂದೂಗಳ ದೇಗುಲಗಳನ್ನು ಕೆಡವಿದ್ದು ಪೋರ್ಚುಗೀಸ್ ಸರಕಾರ. ಕುಶಸ್ಥಳಿಯ ಮಂಗೇಶ ದೇವರನ್ನು ಭಕ್ತರು 1560ರಲ್ಲಿ ನದಿಯಾಚೆಯ ಪ್ರಿಯೋಳಕ್ಕೆ ಸಾಗಿಸಿದರು. ಆ ಪ್ರದೇಶ ಅಂದು ಪೋರ್ಚುಗೀಸರ ಅಧೀನದಲ್ಲಿರಲಿಲ್ಲ. ಸಾರಸ್ವತ ಕುಟುಂಬಗಳು ಅನೇಕವು ದಕ್ಷಿಣಕ್ಕೆ, ಕೆನರಾ ಸೀಮೆಗೆ ಇಳಿದವು.

ಕ್ರೈಸ್ತರ ಪಾಡೂ ನೆಮ್ಮದಿಯದಾಗಿರಲಿಲ್ಲ. 1684ರಲ್ಲಿ ವೈಸರಾಯನು, ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞಾಪಿಸಿದನು. ಅದೇ ಕೊಂಕಣಿಗೆ ವ್ಯಾಕರಣ ಬರೆದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರ ಕೃತಿ ರಾಯಚೂರಿನಂತೆ ಕೇಳಿಸುವ ಗೋವೆಯ ರಾಚೋಲಿನಲ್ಲಿ 1640ರಲ್ಲಿ ಅಚ್ಚಾಗಿತ್ತು. 1736ರಲ್ಲಿ ಪೀಠವೇ ಶಾಸನವೊಂದನ್ನು ಹೊರಡಿಸಿತು: ಕ್ರೈಸ್ತರು ಮದುವೆಯಲ್ಲಿ ವೀಳ್ಯ ಹಂಚಕೂಡದು, ಚಪ್ಪರ ಹಾಕಕೂಡದು, ಗಂಡಸರು ಧೋತ್ರ ಉಡಕೂಡದು, ಅಂಗಳದಲ್ಲಿ ತುಳಸಿ ಇರಕೂಡದು. ವೀಳ್ಯದೆಲೆಯಲ್ಲಿ ಪಾಷಂಡವಾದವನ್ನು ಕಂಡ ಪಂಡಿತರಿಗೆ ಏನೆನ್ನೋಣ!

1774ರಲ್ಲಿ ರದ್ದಾದ ಪೀಠ 1778ರಲ್ಲಿ ಮರಳಿ ಬಂದು, 1812ರಲ್ಲಿ ಕೊನೆಗಂಡಿತು. ಧಾರ್ಮಿಕ ಸ್ವಾತಂತ್ರ್ಯವು ಮಾನವನ ಹಕ್ಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. ಸತ್ಯದ ಸೇವೆಯೆಂದು ಸಭೆಯ ಮಕ್ಕಳು ನಡೆಸಿದ ಅಸಹನೆಗಾಗಿ ಜಗದ್ಗುರು ಎರಡನೆಯ ಜಾನ್ ಪೌಲರು 2000ದ ತಪಸ್ಸುಕಾಲದಲ್ಲಿ ದೇವರ ಕ್ಷಮೆ ಯಾಚಿಸಿದರು.

ಕೆನರಾದಲ್ಲಿ ಕೆಳದಿಯ ಅರಸರು ಬಂದ ಕ್ರೈಸ್ತರಿಗೆ ಬೇಸಾಯಕ್ಕೆ ನೆಲ ಕೊಟ್ಟರು. ಮುಂಚೆಯೇ ಬಂದಿದ್ದ ಸಾರಸ್ವತರೂ ಇವರೂ ಒಂದೇ ಪೇಟೆಯಲ್ಲಿ, ಒಂದೇ ಕೊಂಕಣಿಯಲ್ಲಿ ವ್ಯವಹರಿಸಿದರು. ಗೋವೆಯಲ್ಲಿ ನಿಷಿದ್ಧವಾದ ಮದುವೆಯ ಚಪ್ಪರವನ್ನು ಮಂಗಳೂರು ಸೀಮೆಯ ಕಥೋಲಿಕರು ಹಾಕುತ್ತಲೇ ಬಂದರು. ಮುನ್ನಾದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವೂ ಅವರ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ.