ಶಿಕ್ಷಣ ಸಂಶೋಧನೆಯಲ್ಲಿ ಭಿನ್ನ ಸಮುದಾಯಗಳ ಪ್ರಾತಿನಿಧ್ಯ

ಕಲಿಕೆಯನ್ನು ಕುರಿತ ಸಮೀಕ್ಷೆ, ಪರೀಕ್ಷೆ ಹಾಗೂ ಅಧ್ಯಯನಗಳಲ್ಲಿ ಒಂದು ಪ್ರದೇಶದ ಸಕಲ ಭಾಷಿಕ ಮತ್ತು ಸಾಂಸ್ಕೃತಿಕ ಸಮುದಾಯಗಳ ಮಕ್ಕಳೂ ತಮ್ಮ ನಿಜಸ್ವರೂಪದಲ್ಲಿಯೇ ಗಣನೆಗೆ ಬರುವಂತೆ ನೋಡಿಕೊಳ್ಳುವ ಕ್ರಮ. ಇದನ್ನು ಪರಿಶೀಲಿಸಲು ಕಲಬುರಗಿ ಜಿಲ್ಲೆಯ ಚಿತ್ತಾಪುರ, ಶಹಾಬಾದ, ಸೇಡಂ, ಚಿಂಚೋಳಿ ಸೀಮೆ ತಕ್ಕ ಕ್ಷೇತ್ರವಾಗಿದೆ.

ಭಾಷಿಕ ಹಿನ್ನೆಲೆ

1948ರವರೆಗೆ ಉರ್ದು ರಾಜಭಾಷೆಯಾಗಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಯಲ್ಲಿ ಕನ್ನಡದೊಡನೆ ದಖನಿ ಉರ್ದುವೂ, ಪೂರ್ವದ ಗಡಿಯ ಊರುಗಳಲ್ಲಿ ತೆಲುಗೂ, ತಾಂಡಾಗಳಲ್ಲಿ ಲಂಬಾಣಿಯೂ ಮನೆಮಾತಾಗಿವೆ. ವಾಡಿಯ ಸಿಮೆಂಟು ಕಾರ್ಖಾನೆ, ಶಹಾಬಾದದ ಫರಸಿ ಕಲ್ಲಿನ ಗಣಿ, ನಾಲವಾರದ ಮೇಲೆ ಹಾಯ್ದುಹೋಗುವ ರೈಲುದಾರಿ ಇವು ಇನ್ನೂ ಕೆಲವು ಭಾಷೆಯವರನ್ನು ಕರೆತಂದಿವೆ.

ವರ್ಗೀಕರಣದ ತೊಡಕು

ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿಗಳನ್ನು ತಿದ್ದಿದ 1976ರ ಕಾಯಿದೆಯು ರಾಜ್ಯಗಳೊಳಗಿನ ಪ್ರಾದೇಶಿಕ ನಿರ್ಬಂಧಗಳನ್ನು ತೆಗೆದುಹಾಕಿದಾಗ, ಈ ಭಾಗದ ಲಂಬಾಣಿಗರು ಪರಿಶಿಷ್ಟ ಜಾತಿಯವರಾದರು. ಅದೇ ಕಾಯಿದೆಯಿಂದಲೇ ಗಡಿಯಾಚೆಯ ತೆಲಂಗಾಣದ ಲಂಬಾಡಿಗಳು ಪರಿಶಿಷ್ಟ ಪಂಗಡದವರಾದರು. ಮಹಾರಾಷ್ಟ್ರದಲ್ಲಿ ಬಂಜಾರರೆನಿಸಿಕೊಳ್ಳುವ ಇದೇ ಸಮುದಾಯದವರು ವಿಮುಕ್ತ ಜಾತಿಯವರು. ಆದುದರಿಂದ ಸೇಡಮ್ಮಿನ ತಾಂಡಾದ ಹುಡುಗಿಯೂ ತೆಲಂಗಾಣದ ತಾಂಡೂರಿನ ಕಡೆಯ ಅವಳ ಸೋದರಮಾವನ ಮಗಳೂ, ಒಂದೇ ಮಾತನ್ನಾಡುವವರಾದರೂ, ಶಿಕ್ಷಣದ ಅಂಕಿಅಂಶಗಳಲ್ಲಿ ಎಂದೂ ಒಂದೇ ಸಾಲಿನಲ್ಲಿ ಕೂಡುವುದಿಲ್ಲ. ಜನಗಣತಿಯಾದರೋ ಲಂಬಾಣಿಯನ್ನು ಹಿಂದಿಯ ಅಡಿಯಲ್ಲಿ ಎಣಿಸುತ್ತದೆ. 2011ರಲ್ಲಿ ಹಾಗೆ ಸೇರಿಹೋದವರು 32 ಲಕ್ಷಕ್ಕೂ ಹೆಚ್ಚು. ಪರಿಶಿಷ್ಟ ಜಾತಿಯೆಂಬ ಒಂದೇ ಶೀರ್ಷಿಕೆಯಲ್ಲಿ ಕನ್ನಡವೇ ಮನೆಮಾತಾದ ಮಗುವನ್ನೂ ಶಾಲೆಗೆ ಬಂದ ಮೇಲೆ ಕನ್ನಡ ಕಲಿಯುವ ಮಗುವನ್ನೂ ಕೂಡಿಸಿ ಸರಾಸರಿ ತೆಗೆಯುವುದು, ಈ ಲೇಖಕನ ಅಭಿಪ್ರಾಯದಲ್ಲಿ, ಇಲ್ಲಿನ ಅಧ್ಯಯನಗಳಿಗೆ ತಗಲಬಹುದಾದ ಅತ್ಯಂತ ಗುರುತರವಾದ ದೋಷ.

ವಿಧಾನ

ಬಿಂದಿಗೆಯ ಚಿತ್ರ ತೋರಿಸಿ ಒಳಗೇನಿದೆಯೆಂದು ಕೇಳಿದರೆ ಲಂಬಾಣಿ ಮಗು ‘ಪಾಣಿ’ ಎನ್ನುತ್ತದೆ, ತೆಲುಗು ಮಗು ‘ನೀಳ್ಳು’ ಎನ್ನುತ್ತದೆ. ‘ನೀರು’ ಎಂಬ ಉತ್ತರಕ್ಕೆ ಮಾತ್ರ ಅಂಕವಿದ್ದಲ್ಲಿ ಅಳೆದದ್ದು ತಿಳಿವಳಿಕೆಯನ್ನಲ್ಲ. ಕಾಲದ ಪ್ರಶ್ನೆಯೂ ಉಂಟು. ಶಾಲಾ ಅಂಕಿಅಂಶಗಳಿಗೆ ದೀರ್ಘಕಾಲ ಸೆಪ್ಟೆಂಬರ್ 30 ಆಧಾರದಿನವಾಗಿತ್ತು. ಆಗ ತೊಗರಿ ಇನ್ನೂ ಹೊಲದಲ್ಲಿರುತ್ತದೆ, ಮಕ್ಕಳು ಹಾಜರಿಯಲ್ಲಿರುತ್ತಾರೆ. ರಾಶಿ ಮುಗಿದ ಮೇಲೆ ತಾಂಡಾದ ಅನೇಕ ಕುಟುಂಬಗಳು ಮಕ್ಕಳೊಡನೆ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಮಾರ್ಚಿನ ಪರೀಕ್ಷೆಯ ಹೊತ್ತಿಗೆ ಮನೆಗೆ ಬೀಗ.

ಈ ಸೀಮೆಯಲ್ಲಿ ಅಧ್ಯಯನ ಕೈಗೊಳ್ಳುವವರು ಜಾತಿಯ ಅಂಕಣದ ಪಕ್ಕದಲ್ಲಿ ಮನೆಮಾತಿನ ಅಂಕಣವೊಂದನ್ನು ತೆರೆಯಬೇಕು. ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಅದೇ ತಾಂಡಾಕ್ಕೆ, ಅಲ್ಲಿನ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.